ಋತುವಿನ ಮೊದಲ ಗುದ್ದಲಿ: ಸಮುದಾಯದ ತೋಟಗಳು ಕಲಿಸುವ ಪಾಠ

ಪೀಠಿಕೆ

ಕೃಷಿಯನ್ನು ನಂಬಿ ಬಾಳಿದ ಜನ ವರ್ಷದ ಮೊದಲ ಉಳುಮೆಯ ದಿನಕ್ಕೆ ವಿಶೇಷವಾದ ಗೌರವವನ್ನು ಸಲ್ಲಿಸುತ್ತ ಬಂದಿದ್ದಾರೆ. ಕನ್ನಡ ನಾಡಿನ ಹಲವು ಹಳ್ಳಿಗಳಲ್ಲಿ ಯುಗಾದಿಯಂದು ಹೊನ್ನಾರು ಹೂಡುವ ಪದ್ಧತಿ ಇದಕ್ಕೆ ನಿದರ್ಶನ. ಹೊಲ ಅವರವರದೇ ಆದರೂ ಆರಂಭವು ಊರಿನವರೆಲ್ಲರದೆಂಬ ಭಾವನೆ ಆ ಆಚರಣೆಯಲ್ಲಿ ಅಡಗಿದೆ.

ಆದರೆ ಹೊಲವೇ ಇಲ್ಲದವರ ಪಾಡೇನು? ನಗರದ ಇಕ್ಕಟ್ಟಾದ ಬೀದಿಗಳಲ್ಲಿ, ಬಾಡಿಗೆಯ ಕೋಣೆಗಳಲ್ಲಿ ವಾಸಿಸುವ ಕೋಟ್ಯಂತರ ಜನರಿಗೆ ಮಣ್ಣಿನ ಸಂಬಂಧವೇ ತಪ್ಪಿಹೋಗಿದೆ. ಅಂತಹವರು ನೆರೆಹೊರೆಯವರೊಡನೆ ಸೇರಿ, ಒಂದು ಖಾಲಿ ನಿವೇಶನವನ್ನೋ ಪುರಸಭೆಯ ಜಾಗವನ್ನೋ ಪಡೆದು, ಅದರಲ್ಲಿ ಪಾತಿಗಳನ್ನು ಹಂಚಿಕೊಂಡು ತರಕಾರಿ, ಹೂವು, ಹಣ್ಣುಗಳನ್ನು ಬೆಳೆಯುವ ವ್ಯವಸ್ಥೆಗೆ ಸಮುದಾಯದ ತೋಟವೆಂದು ಹೆಸರು. ಚಳಿನಾಡುಗಳಲ್ಲಿ ಈ ತೋಟಗಳು ನಾಲ್ಕೈದು ತಿಂಗಳು ಹಿಮದಡಿಯಲ್ಲಿ ಮಲಗಿರುತ್ತವೆ. ವಸಂತವು ಕಾಲಿಡುತ್ತಿದ್ದಂತೆ ಒಂದು ರಜಾದಿನ ಬೆಳಿಗ್ಗೆ ಸ್ವಯಂಸೇವಕರೆಲ್ಲ ಗುದ್ದಲಿ, ಸಲಿಕೆ, ಬುಟ್ಟಿಗಳೊಡನೆ ಒಂದೆಡೆ ಸೇರಿ ತೋಟದ ಬಾಗಿಲನ್ನು ತೆರೆಯುತ್ತಾರೆ. ಕೂಲಿಯಿಲ್ಲದ, ಸ್ವಂತ ನೆಲವೂ ಇಲ್ಲದ ಈ ದುಡಿಮೆಗೆ ಜನರು ಏಕೆ ಬರುತ್ತಾರೆ, ಆ ಒಂದು ದಿನದ ಉತ್ಸಾಹ ವರ್ಷವಿಡೀ ಉಳಿಯುವುದು ಹೇಗೆ ಎಂಬ ಎರಡು ಪ್ರಶ್ನೆಗಳನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಶಾಲೆಯ ಅಂಗಳದಲ್ಲಿ ಮೊಳೆತ ಬೀಜ

ಇಂತಹ ತೋಟಗಳ ಚರಿತ್ರೆಯಲ್ಲಿ ಶಿಕ್ಷಕರ ಗಮನವನ್ನು ಮೊದಲು ಸೆಳೆಯುವುದು ಜರ್ಮನಿಯ ಲೈಪ್ಸಿಗ್ ನಗರದ ಉದಾಹರಣೆ. ಅಲ್ಲಿನ ಶಾಲೆಯೊಂದರ ಮುಖ್ಯಸ್ಥರಾಗಿದ್ದ ಅರ್ನ್‌ಸ್ಟ್ ಇನ್ನೊಸೆನ್ಸ್ ಹೌಶಿಲ್ಡ್ ಅವರು 1864ರಲ್ಲಿ ಪೋಷಕರನ್ನೂ ಶಿಕ್ಷಕರನ್ನೂ ಕೂಡಿಸಿ ಒಂದು ಸಂಘವನ್ನು ಸ್ಥಾಪಿಸಿದರು. ಮಕ್ಕಳಿಗೆ ಆಟದ ಬಯಲೊಂದನ್ನು ಒದಗಿಸುವುದು ಆ ಸಂಘದ ಗುರಿಯಾಗಿತ್ತು. ಅದಕ್ಕೆ ಮೂರು ವರ್ಷಗಳ ಹಿಂದೆ ತೀರಿಕೊಂಡಿದ್ದ ವೈದ್ಯ ಮೊರಿಟ್ಸ್ ಶ್ರೇಬರ್ ಅವರ ಹೆಸರನ್ನು ಸಂಘಕ್ಕೆ ಇಡಲಾಯಿತು. ಬಯಲು ಸಿದ್ಧವಾದ ಕೆಲವು ವರ್ಷಗಳಲ್ಲಿ ಹೈನ್ರಿಖ್ ಕಾರ್ಲ್ ಗೆಸೆಲ್ ಎಂಬ ಉಪಾಧ್ಯಾಯರು ಅದರ ಅಂಚಿನಲ್ಲಿ ಮಕ್ಕಳಿಗಾಗಿ ಚಿಕ್ಕ ಚಿಕ್ಕ ಪಾತಿಗಳನ್ನು ಮಾಡಿಸಿದರು.

ಮುಂದೆ ನಡೆದುದು ಪ್ರತಿಯೊಬ್ಬ ಶಿಕ್ಷಕನಿಗೂ ಪರಿಚಿತವಾದ ಸಂಗತಿಯೇ. ಆರಂಭದಲ್ಲಿ ಮಕ್ಕಳು ಹುರುಪಿನಿಂದ ಅಗೆದರು, ಬಿತ್ತಿದರು. ಕ್ರಮೇಣ ಆಟದ ಆಕರ್ಷಣೆ ಹೆಚ್ಚಿತು, ಪಾತಿಗಳಲ್ಲಿ ಕಳೆ ಬೆಳೆಯಿತು. ಆಗ ತಂದೆತಾಯಿಗಳು ಗುದ್ದಲಿ ಹಿಡಿದರು. ಮಕ್ಕಳ ಪಾತಿಗಳು ಕುಟುಂಬಗಳ ಪಾತಿಗಳಾಗಿ, ಅವುಗಳಿಗೆ ಬೇಲಿ ಬಂದು, ಒಂದು ವ್ಯವಸ್ಥಿತ ತೋಟವೇ ರೂಪುಗೊಂಡಿತು. ಈ ಮಾದರಿ ಜರ್ಮನಿಯಲ್ಲೆಲ್ಲ ಹಬ್ಬಿ, ಇಂದಿಗೂ ಅಲ್ಲಿ ಇಂತಹ ಸುಮಾರು 9 ಲಕ್ಷ ತೋಟದ ತುಂಡುಗಳಿವೆ. ಅವುಗಳ ವಿಸ್ತೀರ್ಣ, ಬಾಡಿಗೆ ಮೊದಲಾದವುಗಳನ್ನು ಕ್ರಮಪಡಿಸಲು 1983ರಲ್ಲಿ ಪ್ರತ್ಯೇಕ ಕಾನೂನೇ ಆಯಿತು. ಮಕ್ಕಳ ಒಂದು ಪ್ರಯೋಗ ಮೇಲ್ನೋಟಕ್ಕೆ ವಿಫಲವಾಯಿತು. ಆದರೆ ಅದನ್ನು ಹಿರಿಯರು ಕೈಬಿಡದೆ ಎತ್ತಿಕೊಂಡುದರಿಂದ ಒಂದು ರಾಷ್ಟ್ರದ ಪದ್ಧತಿಯಾಯಿತು. ಶಾಲೆಯ ಕೆಲಸವನ್ನು ಊರು ಎತ್ತಿಕೊಂಡಾಗ ಅದು ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಇದೊಂದು ಉತ್ತಮ ನಿದರ್ಶನ.

ಹಸಿವು ಮತ್ತು ಯುದ್ಧದ ಕಾಲದ ತೋಟಗಳು

ಇಂಗ್ಲೆಂಡಿನಲ್ಲಿ 1908ರ ಕಾನೂನು ಈ ವಿಷಯವನ್ನು ಹಕ್ಕಿನ ಮಟ್ಟಕ್ಕೆ ಏರಿಸಿತು. ಆರು ಮಂದಿ ನಿವಾಸಿಗಳು ಲಿಖಿತವಾಗಿ ಕೇಳಿಕೊಂಡರೂ ಸ್ಥಳೀಯ ಆಡಳಿತವು ತೋಟದ ತುಂಡುಗಳ ಬೇಡಿಕೆಯನ್ನು ಪರಿಗಣಿಸಬೇಕೆಂಬ ನಿಯಮ ಅದರಲ್ಲಿತ್ತು. ದುಡಿಯುವ ವರ್ಗದವರಿಗೆ ಸುಮಾರು 250 ಚದರ ಮೀಟರಿನ ಒಂದು ತುಂಡು ನೆಲ ವರ್ಷದ ಬಹುಭಾಗದ ತರಕಾರಿಯನ್ನು ನೀಡುತ್ತಿತ್ತು.

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಈ ಪದ್ಧತಿ ಹಸಿವಿನಿಂದಲೇ ಹುಟ್ಟಿತು. 1893ರ ಆರ್ಥಿಕ ಕುಸಿತದಿಂದ ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ನಗರದ ಮೇಯರ್ ಆಗಿದ್ದ ಹೇಝನ್ ಪಿಂಗ್ರಿ 1894ರಲ್ಲಿ, ಮಾರಾಟಕ್ಕಾಗಿ ಕಾಯುತ್ತ ಬೀಳುಬಿದ್ದಿದ್ದ ಜಮೀನನ್ನು ಕೆಲಸವಿಲ್ಲದವರಿಗೆ ತಾತ್ಕಾಲಿಕವಾಗಿ ಬಿಟ್ಟುಕೊಡುವಂತೆ ಒಡೆಯರನ್ನು ಕೇಳಿದರು. ಪತ್ರಿಕೆಗಳು ಹಾಸ್ಯಮಾಡಿದವು, ದೇಣಿಗೆ ತೀರ ಕಡಿಮೆ ಬಂದಿತು. ಆಗ ಪಿಂಗ್ರಿ ತಮ್ಮ ಪ್ರೀತಿಯ ಕುದುರೆಯನ್ನೇ ಹರಾಜಿಗಿಟ್ಟು, ಬಂದ ಹಣವನ್ನು ಬೀಜ ಮತ್ತು ಉಪಕರಣಗಳಿಗೆ ಕೊಟ್ಟರು. ಆ ವರ್ಷ ಸುಮಾರು 430 ಎಕರೆಯಲ್ಲಿ ಒಂಬೈನೂರಕ್ಕೂ ಹೆಚ್ಚು ಕುಟುಂಬಗಳು ಆಲೂಗೆಡ್ಡೆ, ಹುರುಳಿಕಾಯಿ, ಟರ್ನಿಪ್‌ಗಳನ್ನು ಬೆಳೆದುಕೊಂಡವು. ಹಾಸ್ಯಮಾಡಿದ ನಗರಗಳೇ ಮರುವರ್ಷಗಳಲ್ಲಿ ಈ ಯೋಜನೆಯನ್ನು ಅನುಸರಿಸಿದವು. ದಾನಿಗಳ ಪಾಲಿಗೆ ಈ ಪ್ರಸಂಗದಲ್ಲೊಂದು ಸೂಕ್ಷ್ಮವಿದೆ. ಪಿಂಗ್ರಿ ಆ ಹಣದಿಂದ ಸಿದ್ಧವಾದ ಆಹಾರವನ್ನು ಹಂಚಬಹುದಾಗಿತ್ತು. ಬೀಜವನ್ನು ಕೊಟ್ಟುದರಿಂದ ಪಡೆದವರ ತಲೆ ಬಾಗಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ವಿಜಯದ ತೋಟಗಳೆಂಬ ಹೆಸರಿನಲ್ಲಿ ಸುಮಾರು 2 ಕೋಟಿ ತೋಟಗಳು ಎದ್ದವು. ಭಾರತದಲ್ಲಿಯೂ ಅದೇ ವರ್ಷಗಳಲ್ಲಿ ಹೆಚ್ಚು ಆಹಾರ ಬೆಳೆಯುವ ಆಂದೋಲನ ಆರಂಭವಾಯಿತು. ಆದರೆ ಅಮೆರಿಕದ ತೋಟಗಳಲ್ಲಿ ಬಹುಪಾಲು ಯುದ್ಧ ಮುಗಿದೊಡನೆ ಮಾಯವಾದವು. ಸಂಕಟವು ಜನರನ್ನು ಒಂದುಗೂಡಿಸುತ್ತದೆ. ಸಂಕಟ ಕಳೆದ ಮೇಲೆ ಅವರನ್ನು ಒಟ್ಟಿಗೆ ಇರಿಸಲು ಬೇರೊಂದು ಬಂಧ ಬೇಕಾಗುತ್ತದೆ. ಆ ಬಂಧ ಯಾವುದೆಂಬುದನ್ನು ಮುಂದಿನ ಉದಾಹರಣೆ ತೋರಿಸುತ್ತದೆ.

ಬೋವರಿ–ಹೌಸ್ಟನ್ ಮೂಲೆಯ ಕಥೆ

1970ರ ದಶಕದ ನ್ಯೂಯಾರ್ಕ್ ನಗರ ಸಂಪತ್ತಿನ ನಡುವೆಯೂ ದಾರಿದ್ರ್ಯವನ್ನು ಅನುಭವಿಸುತ್ತಿತ್ತು. ಹಲವು ಬಡಾವಣೆಗಳಲ್ಲಿ ಒಡೆಯರು ಕಟ್ಟಡಗಳನ್ನು ತೊರೆದು ಹೋದರು. ಎಷ್ಟೋ ಮನೆಗಳು ಬೆಂಕಿಗೆ ಆಹುತಿಯಾದವು. ತೆರಿಗೆ ಕಟ್ಟದ ನಿವೇಶನಗಳು ನಗರಾಡಳಿತದ ವಶಕ್ಕೆ ಬಂದು, ಕಸದ ರಾಶಿಗಳಾಗಿ ಬಿದ್ದಿದ್ದವು. 1975ರ ವೇಳೆಗೆ ನಗರದ ಖಜಾನೆಯೇ ಬರಿದಾಗುವ ಸ್ಥಿತಿ ಒದಗಿತ್ತು.

ಈ ಪರಿಸ್ಥಿತಿಯಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ 1973ರಲ್ಲಿ ತಮ್ಮ ನೆರೆಹೊರೆಯವರೊಡನೆ ಒಂದು ತಂಡವನ್ನು ಕಟ್ಟಿದರು. ಬೇಲಿ ಹಾಕಿದ ಖಾಲಿ ಜಾಗಗಳೊಳಕ್ಕೆ ಬೀಜ, ಗೊಬ್ಬರ, ನೀರು ತುಂಬಿದ ಪುಟ್ಟ ಉಂಡೆಗಳನ್ನು ಎಸೆಯುವುದು, ರಸ್ತೆಯ ನಡುವಣ ದಿಂಡುಗಳಲ್ಲಿ ಹೂ ನೆಡುವುದು ಅವರ ಆರಂಭದ ಚಟುವಟಿಕೆಗಳಾಗಿದ್ದವು. ತರುವಾಯ ಬೋವರಿ ಮತ್ತು ಹೌಸ್ಟನ್ ಬೀದಿಗಳು ಕೂಡುವ ಮೂಲೆಯ ಒಂದು ನಿವೇಶನದ ಮೇಲೆ ಅವರ ದೃಷ್ಟಿ ಬಿದ್ದಿತು. ಅಲ್ಲಿದ್ದ ಕಸ, ಇಟ್ಟಿಗೆ ಚೂರುಗಳನ್ನು ಸ್ವಯಂಸೇವಕರು ಎತ್ತಿ ಸಾಗಿಸಿದರು, ಹೊರಗಿನಿಂದ ಮಣ್ಣನ್ನು ತಂದು ಹರಡಿದರು, ಬೇಲಿಯನ್ನು ನಿಲ್ಲಿಸಿದರು. 1974ರ ವಸಂತದಲ್ಲಿ ನಗರಾಡಳಿತ ಆ ಜಾಗವನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಡಲು ಒಪ್ಪಿತು. ಎತ್ತರಿಸಿದ 60 ಪಾತಿಗಳಲ್ಲಿ ತರಕಾರಿ ಬೆಳೆಯಲು ಮೊದಲಾಯಿತು.

ಈ ಒಂದು ತೋಟವನ್ನು ಕಂಡು ಬೇರೆ ಬಡಾವಣೆಯವರು ಸಲಹೆ ಕೇಳಿಕೊಂಡು ಬಂದರು. ಹಳೆಯ ತೋಟದಲ್ಲಿ ಹೆಚ್ಚಾದ ಸಸಿಗಳು ಹೊಸ ತೋಟಗಳಿಗೆ ಹೋದವು. 1978ರಲ್ಲಿ ನಗರಾಡಳಿತವೇ ಗ್ರೀನ್‌ಥಂಬ್ ಎಂಬ ಯೋಜನೆಯನ್ನು ಆರಂಭಿಸಿ ಇಂತಹ ತೋಟಗಳಿಗೆ ನೆರವಾಗತೊಡಗಿತು. ಇಂದು ಆ ಯೋಜನೆಯ ಆಶ್ರಯದಲ್ಲಿ 500ಕ್ಕೂ ಹೆಚ್ಚು ತೋಟಗಳಿವೆ. ಬೋವರಿಯ ತೋಟವನ್ನು 1986ರಲ್ಲಿ ಲಿಜ್ ಕ್ರಿಸ್ಟಿಯವರ ಸ್ಮರಣೆಗೆ ಅರ್ಪಿಸಲಾಯಿತು.

ಮೊದಲ ದಿನದ ಕೆಲಸಗಳು

ನ್ಯೂಯಾರ್ಕಿನಂತಹ ನಗರದಲ್ಲಿ ಮಾರ್ಚ್ ತಿಂಗಳ ಕೊನೆ ಅಥವಾ ಏಪ್ರಿಲ್ ಆದಿಭಾಗದಲ್ಲಿ ತೋಟಗಳು ತೆರೆಯುತ್ತವೆ. ದಿನವನ್ನು ಗೊತ್ತುಮಾಡುವುದು ಪಂಚಾಂಗಕ್ಕಿಂತ ಹೆಚ್ಚಾಗಿ ಮಣ್ಣು. ಹೆಪ್ಪುಗಟ್ಟಿದ್ದ ನೆಲ ಕರಗಿ, ನೀರು ಇಂಗಿ, ಹದಕ್ಕೆ ಬರಬೇಕು. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿ ಉಂಡೆಮಾಡಿ ಬೆರಳಿನಿಂದ ತಟ್ಟಿದರೆ ಅದು ಪುಡಿಯಾಗಬೇಕು. ಮೆತ್ತಗೆ ಅಂಟಿಕೊಂಡೇ ಉಳಿದರೆ ಇನ್ನೂ ಕಾಯಬೇಕು. ಹಸಿಮಣ್ಣನ್ನು ಅಗೆದರೆ, ತುಳಿದರೆ ಅದರೊಳಗಿನ ಗಾಳಿಯ ಸಂದುಗಳು ಮುಚ್ಚಿ, ಒಣಗಿದ ಮೇಲೆ ಹೆಂಟೆಗಳಾಗುತ್ತವೆ; ಇದರ ಕೆಡುಕು ಬೆಳೆಗಾಲವೆಲ್ಲ ಉಳಿಯುತ್ತದೆ. ಆದುದರಿಂದ ಉತ್ಸಾಹಿಗಳಾದ ಹೊಸಬರನ್ನು ತಡೆದು ನಿಲ್ಲಿಸುವುದೇ ಅನುಭವಿಗಳ ಮೊದಲ ಕರ್ತವ್ಯವಾಗುತ್ತದೆ.

ಅಂದಿನ ಕೆಲಸಗಳಿಗೆ ಒಂದು ಕ್ರಮವಿದೆ. ಮೊದಲು ಚಳಿಗಾಲದಲ್ಲಿ ಗಾಳಿ ತಂದು ಹಾಕಿದ ಕಸವನ್ನೂ ಮುರಿದು ಬಿದ್ದ ಕೊಂಬೆಗಳನ್ನೂ ತೆಗೆಯಬೇಕು. ಬೇಲಿ, ಬಾಗಿಲು, ಪಾತಿಯ ಮರದ ಅಂಚುಗಳನ್ನು ಸರಿಪಡಿಸಬೇಕು. ಕಳೆದ ವರ್ಷದ ಒಣಗಿದ ಗಿಡಗಳನ್ನು ಕಿತ್ತು, ರೋಗವಿಲ್ಲದವುಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಕು. ಮಾಗಿದ ಗೊಬ್ಬರವನ್ನು ಜರಡಿ ಹಿಡಿದು ಪ್ರತಿಯೊಂದು ಪಾತಿಗೂ ಎರಡು ಮೂರು ಅಂಗುಲ ದಪ್ಪಕ್ಕೆ ಹರಡಬೇಕು. ಕಾಲುದಾರಿಗಳಿಗೆ ಮರದ ಚಕ್ಕೆಗಳನ್ನು ಹಾಸಬೇಕು. ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆಯದಂತೆ ಚಳಿಗಾಲದಲ್ಲಿ ಬರಿದುಮಾಡಿದ್ದ ನೀರಿನ ವ್ಯವಸ್ಥೆಯನ್ನು ಪರೀಕ್ಷಿಸಬೇಕು. ಎಷ್ಟೋ ತೋಟಗಳಿಗೆ ಬೀದಿಯಲ್ಲಿರುವ ಅಗ್ನಿಶಾಮಕ ದಳದ ನಲ್ಲಿಯೇ ನೀರಿನ ಆಧಾರ. ಅದಕ್ಕೆ ಅನುಮತಿ ಪತ್ರವನ್ನು ಪಡೆದಿರಬೇಕು.

ನಗರದ ಮಣ್ಣಿನ ಬಗೆಗೆ ವಿಶೇಷ ಎಚ್ಚರಿಕೆ ಅವಶ್ಯಕ. ಹಳೆಯ ಬಣ್ಣಗಳಿಂದಲೂ ಹಿಂದೆ ಪೆಟ್ರೋಲಿಗೆ ಬೆರೆಸುತ್ತಿದ್ದ ವಸ್ತುವಿನಿಂದಲೂ ಸೀಸವು ಮಣ್ಣಿನಲ್ಲಿ ಸೇರಿಕೊಂಡಿರುತ್ತದೆ. ಮನೆಗಳಿಗೆ ಸೀಸದ ಬಣ್ಣ ಬಳಸುವುದನ್ನು ಅಮೆರಿಕವು 1978ರಲ್ಲಿ ನಿಷೇಧಿಸಿದರೂ ನೆಲದಲ್ಲಿ ಸೇರಿದ ಸೀಸ ತಾನಾಗಿ ಹೋಗುವುದಿಲ್ಲ. ಅದು ಎಳೆಯ ಮಕ್ಕಳ ಮಿದುಳಿಗೆ ಹಾನಿಕರ. ಈ ಕಾರಣದಿಂದ ಮಣ್ಣನ್ನು ಪರೀಕ್ಷೆ ಮಾಡಿಸಿ, ಹೊರಗಿನಿಂದ ತಂದ ಶುದ್ಧವಾದ ಮಣ್ಣಿನಿಂದ ಎತ್ತರಿಸಿದ ಪಾತಿಗಳನ್ನು ಮಾಡುವುದು ವಾಡಿಕೆ.

ಬಿತ್ತನೆಯಲ್ಲಿಯೂ ವಿವೇಚನೆ ಬೇಕು. ಬಟಾಣಿ, ಪಾಲಕ್, ಮೂಲಂಗಿ, ಲೆಟ್ಯೂಸ್ ಇವು ಚಳಿಯನ್ನು ಸಹಿಸುವುದರಿಂದ ಮೊದಲ ದಿನವೇ ಬಿತ್ತಬಹುದು. ಟೊಮೇಟೊ, ಮೆಣಸಿನಕಾಯಿ, ಬದನೆ ಮೊದಲಾದವು ಒಂದು ರಾತ್ರಿಯ ಹಿಮಕ್ಕೂ ಸಾಯುತ್ತವೆ. ಅವುಗಳನ್ನು ಮೇ ತಿಂಗಳು ನಡುವಿಗೆ ಬಂದ ಮೇಲೆಯೇ ಹೊರಗೆ ನೆಡುವುದು ಕ್ಷೇಮ. ಮೊದಲ ದಿನ ಬಂದವರು ಅಂದೇ ಎಲ್ಲವನ್ನೂ ನೋಡಲಾರರು. ಆರು ವಾರ ಬಿಟ್ಟು ಮತ್ತೆ ಬರಲೇಬೇಕು.

ಕೆಲಸವನ್ನು ಹಂಚುವ ವಿಧಾನ ಗಮನಾರ್ಹವಾದುದು. ಬಲವುಳ್ಳವರು ಮಣ್ಣು ಹೊರುತ್ತಾರೆ. ವೃದ್ಧರು ಕುಳಿತಲ್ಲಿಯೇ ಬೀಜಗಳನ್ನು ವಿಂಗಡಿಸಿ ಹೆಸರಿನ ಚೀಟಿ ಬರೆಯುತ್ತಾರೆ. ಮಕ್ಕಳು ಬಟಾಣಿ ಕಾಳನ್ನು ಒಂದೊಂದಾಗಿ ಊರುತ್ತಾರೆ. ಯಾರೋ ಒಬ್ಬರು ಎಲ್ಲರಿಗೂ ಬಿಸಿ ಪಾನೀಯ ಹಂಚುತ್ತಾರೆ. ಪೋರ್ಟೊರಿಕೊ, ಚೀನಾ, ಬಾಂಗ್ಲಾದೇಶ ಮುಂತಾದ ದೂರದ ನಾಡುಗಳಿಂದ ಬಂದು ನೆಲೆಸಿದವರಲ್ಲಿ ಹಲವರು ಹುಟ್ಟು ರೈತರು. ಬೀದಿಯಲ್ಲಿ ಭಾಷೆ ಬಾರದವರೆಂದು ಎಣಿಸಲ್ಪಡುವ ಅವರೇ ಪಾತಿಯ ಬಳಿ ಗುರುಗಳಾಗಿ ನಿಲ್ಲುತ್ತಾರೆ.

ನೆಲ ಯಾರದು?

ಈ ಸಂತೋಷದ ಚಿತ್ರಕ್ಕೆ ಇನ್ನೊಂದು ಮಗ್ಗುಲೂ ಇದೆ. ತೋಟದವರ ಶ್ರಮದಿಂದ ಬಡಾವಣೆ ಸುಂದರವಾದಂತೆ ಅಲ್ಲಿನ ನೆಲದ ಬೆಲೆ ಏರಿತು. 1990ರ ದಶಕದಲ್ಲಿ ನಗರಾಡಳಿತ ತನ್ನ ನಿವೇಶನಗಳನ್ನು ಮಾರಲು ಮುಂದಾಯಿತು. 1999ರ ಮೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ತೋಟಗಳು ಹರಾಜಿಗೆ ಬರಲಿದ್ದವು. ಜನರು ಬೀದಿಗಿಳಿದು ಪ್ರತಿಭಟಿಸಿದರು, ನ್ಯಾಯಾಲಯದ ಮೊರೆಹೊಕ್ಕರು. ಹರಾಜಿನ ಮುನ್ನಾದಿನಗಳಲ್ಲಿ ಎರಡು ಸಂಸ್ಥೆಗಳು, ಅವುಗಳಲ್ಲೊಂದು ನಟಿ ಬೆಟ್ ಮಿಡ್ಲರ್ ಸ್ಥಾಪಿಸಿದ್ದು, ಒಟ್ಟು 42 ಲಕ್ಷ ಡಾಲರ್ ಕೊಟ್ಟು ಆ ತೋಟಗಳನ್ನು ಕೊಂಡು ಉಳಿಸಿದವು.

ಎಲ್ಲ ತೋಟಗಳಿಗೂ ಆ ಭಾಗ್ಯ ಒದಗಲಿಲ್ಲ. ಪೂರ್ವದ ಏಳನೆಯ ಬೀದಿಯಲ್ಲಿ ಎಸ್ಪೆರಾಂಸಾ ಎಂಬ ತೋಟವಿತ್ತು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಭರವಸೆಯೆಂದು ಅರ್ಥ. ಎರಡು ದಶಕಗಳಿಗೂ ಹೆಚ್ಚು ಕಾಲ ನೆರೆಯವರು ಸಾಕಿದ್ದ ಆ ತೋಟವನ್ನು 2000ದ ಫೆಬ್ರವರಿ 15ರಂದು ಯಂತ್ರಗಳು ನೆಲಸಮಮಾಡಿದವು. ಅದೇ ದಿನ ನ್ಯಾಯಾಲಯ ಇನ್ನಷ್ಟು ತೋಟಗಳನ್ನು ಕೆಡವದಂತೆ ತಡೆಯಾಜ್ಞೆ ನೀಡಿತು. ಆದರೆ ಎಸ್ಪೆರಾಂಸಾದ ಪಾಲಿಗೆ ಅದು ಕೆಲವೇ ಗಂಟೆಗಳಷ್ಟು ತಡವಾಗಿತ್ತು. ವಸಂತದ ಬಾಗಿಲು ತೆರೆಯಲು ಇನ್ನು ಆರೇಳು ವಾರಗಳಿದ್ದವು.

ಇಲ್ಲಿ ನ್ಯಾಯ ಒಂದೇ ಪಕ್ಷದಲ್ಲಿತ್ತೆಂದು ಹೇಳುವುದು ಸರಿಯಾಗದು. ಮನೆಯಿಲ್ಲದವರಿಗೆ ಮನೆ ಬೇಕೆಂಬುದು ನಗರಾಡಳಿತದ ವಾದವಾಗಿತ್ತು. ಅದು ತಳ್ಳಿಹಾಕುವ ಮಾತಲ್ಲ. ತೋಟದವರು ಕೇಳಿದುದು, ಸಾವಿರಾರು ಖಾಲಿ ನಿವೇಶನಗಳಿರುವಾಗ ಜೀವ ತುಂಬಿದ ನೆಲವನ್ನೇ ಮೊದಲು ಏಕೆ ತೆಗೆದುಕೊಳ್ಳಬೇಕೆಂದು. ಕೊನೆಗೆ 2002ರಲ್ಲಿ ಒಂದು ಒಪ್ಪಂದವಾಗಿ, ನೂರಾರು ತೋಟಗಳಿಗೆ ರಕ್ಷಣೆ ದೊರೆಯಿತು. ಕೆಲವು ನಿವೇಶನಗಳು ವಸತಿಗೆ ಹೋದವು. ಅಂತಹ ಹೊಣೆಯಿಂದಲೇ, ರಕ್ಷಿತ ತೋಟಗಳು ಬೆಳೆಗಾಲದಲ್ಲಿ ವಾರಕ್ಕೆ ಗೊತ್ತಾದಷ್ಟು ಗಂಟೆಗಳ ಕಾಲ ಸಾರ್ವಜನಿಕರಿಗೆ ತೆರೆದಿರಬೇಕೆಂಬ ನಿಯಮವಿದೆ. ಬೀಗ ಹಾಕಿದ ತೋಟ ಸಮುದಾಯದ್ದೆಂದು ಹೇಳಿಕೊಳ್ಳಲು ಅರ್ಹವಾಗುವುದಿಲ್ಲ.

ಮೊದಲ ದಿನದ ಆಚೆಗೆ

ಕಾನೂನಿನ ರಕ್ಷಣೆ ದೊರೆತ ತೋಟವೂ ಇನ್ನೊಂದು ಅಪಾಯವನ್ನು ಎದುರಿಸುತ್ತದೆ. ಅದು ಜನರ ಮರೆವು. ಮೊದಲ ದಿನ ಸೇರುವ ಗುಂಪು ದೊಡ್ಡದು. ಜುಲೈ ತಿಂಗಳ ಸುಡುಬಿಸಿಲಿನಲ್ಲಿ ಕಳೆ ಕೀಳಲು ಬರುವವರು ಕೆಲವರೇ. ಲೈಪ್ಸಿಗ್ಗಿನ ಮಕ್ಕಳಂತೆಯೇ ದೊಡ್ಡವರೂ ಬೇಸರಪಡುತ್ತಾರೆ. ಆದುದರಿಂದ ಚೆನ್ನಾಗಿ ನಡೆಯುವ ತೋಟಗಳಲ್ಲಿ ಮೊದಲ ದಿನವೇ ಇಡೀ ವರ್ಷದ ಹೊಣೆಗಳನ್ನು ಹಂಚಿಬಿಡುತ್ತಾರೆ. ನೀರು ಯಾರದು, ಗೊಬ್ಬರದ ಗುಂಡಿ ಯಾರದು, ಬಾಗಿಲ ಕೀಲಿ ಯಾವ ವಾರ ಯಾರ ಕೈಯಲ್ಲಿ ಎಂಬ ಪಟ್ಟಿ ಗೋಡೆಯ ಮೇಲೆ ಬರುತ್ತದೆ. ಸಿಯಾಟಲ್ ನಗರದಲ್ಲಿ 1973ರಲ್ಲಿ ಆರಂಭವಾದ ಪಿ-ಪ್ಯಾಚ್ ಯೋಜನೆಯಲ್ಲಿ, ಪಾತಿ ಪಡೆದ ಪ್ರತಿಯೊಬ್ಬರೂ ವರ್ಷದಲ್ಲಿ ಇಂತಿಷ್ಟು ಗಂಟೆ ಸಮಸ್ತ ತೋಟದ ಕೆಲಸಕ್ಕೆ ದುಡಿಯಬೇಕು. ಅಲ್ಲಿನ ಫಸಲಿನ ಒಂದು ಭಾಗ ಹಸಿದವರ ಆಹಾರ ಕೇಂದ್ರಗಳಿಗೆ ಹೋಗುತ್ತದೆ.

ಗ್ರಾಮಜೀವನದಲ್ಲಿ ಮುಯ್ಯಾಳಿನ ಪದ್ಧತಿ ಎಲ್ಲರಿಗೂ ತಿಳಿದದ್ದು. ಒಬ್ಬನ ಹೊಲದಲ್ಲಿ ಇಂದು ದುಡಿದರೆ ಆತ ನಾಳೆ ತನ್ನ ಹೊಲಕ್ಕೆ ಬಂದು ಆ ಋಣವನ್ನು ತೀರಿಸುತ್ತಾನೆ. ಸಮುದಾಯದ ತೋಟದಲ್ಲಿ ದುಡಿಮೆ ಈ ರೀತಿ ಕೈಯಿಂದ ಕೈಗೆ ಹಿಂದಿರುಗುವುದಿಲ್ಲ. ಇಂದು ಹರಡಿದ ಗೊಬ್ಬರದ ಸಾರ ಮುಂದಿನ ವರ್ಷ ಬೇರೆ ಯಾರೋ ಪಡೆದ ಪಾತಿಗೆ ಸೇರಬಹುದು. ಇಂದು ನೆಟ್ಟ ಮರದ ಹಣ್ಣನ್ನು ಈಗ ತೊಟ್ಟಿಲಲ್ಲಿರುವ ಮಗು ತಿನ್ನಬಹುದು. ಮುಯ್ಯಿ ತೀರಿಸಬೇಕಾದವನು ಇನ್ನೂ ಹುಟ್ಟದೆಯೇ ಇರಬಹುದು. ಯುದ್ಧದ ತೋಟಗಳಲ್ಲಿ ಇಲ್ಲದೆ ಹೋದ ಬಂಧ ಇದೇ: ತನ್ನ ಕಾಲದ ಅಗತ್ಯವನ್ನು ಮೀರಿ ನೋಡುವ ಹೊಣೆಗಾರಿಕೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ವಿಚಾರಗಳು ಸ್ಪಷ್ಟವಾಗುತ್ತವೆ. ಶಿಕ್ಷಕರಿಗೆ ಲೈಪ್ಸಿಗ್ಗಿನ ಪಾಠವಿದೆ: ಮಕ್ಕಳ ಆಸಕ್ತಿ ಕುಗ್ಗಿತೆಂದು ಪಾತಿಯನ್ನು ಬೀಳುಬಿಡಬಾರದು, ಹಿರಿಯರನ್ನು ಕರೆಯಬೇಕು. ದಾನಿಗಳಿಗೆ ಡೆಟ್ರಾಯಿಟಿನ ಪಾಠವಿದೆ: ಪಡೆಯುವವನ ಕೈಗೆ ಕೆಲಸವನ್ನು ಕೊಡುವ ದಾನ ಬಹುಕಾಲ ಬಾಳುತ್ತದೆ. ಹಳೆಯ ವಿದ್ಯಾರ್ಥಿಗಳಿಗೆ ನ್ಯೂಯಾರ್ಕಿನ ಪಾಠವಿದೆ: ಇಪ್ಪತ್ತು ವರ್ಷಗಳಲ್ಲಿ ಬೆಳೆದದ್ದು ಒಂದೇ ಬೆಳಿಗ್ಗೆ ಇಲ್ಲವಾಗಬಹುದಾದುದರಿಂದ, ತೋಟವು ಚೆನ್ನಾಗಿರುವಾಗಲೇ ಅದರ ನೆಲದ ಭದ್ರತೆಯನ್ನು ಕುರಿತು ಯೋಚಿಸಬೇಕು.

ಪ್ರತಿಯೊಂದು ಸಂಸ್ಥೆಯೂ ಒಂದರ್ಥದಲ್ಲಿ ಇಂತಹದೇ ತೋಟ. ಅದರ ಆರಂಭದ ದಿನ ಸೇರಿದವರ ಹೆಸರುಗಳು ಕೆಲವೊಮ್ಮೆ ಕಲ್ಲಿನ ಮೇಲೆ ಉಳಿಯುತ್ತವೆ. ನಡುಬೇಸಗೆಯಲ್ಲಿ ನೀರು ಹೊತ್ತವರ ಹೆಸರುಗಳು ಎಲ್ಲಿಯೂ ಉಳಿಯುವುದಿಲ್ಲ. ಆದರೂ ಮುಂದಿನ ವಸಂತದಲ್ಲಿ ಬಾಗಿಲು ತೆರೆದಾಗ ಒಳಗೆ ಒಂದು ತೋಟವಿರುವುದು ಅವರಿಂದಲೇ.